ಬಚ್ಚಲ ಬಾಯ್ಲರಿಗೆ ಬಿದ್ದ ಮೊಹರು

ಕಾಲನಿಯ ಸುರಕ್ಷತಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮನೆಯ ಹಿತ್ತಲಲ್ಲಿ ಎರಡು ಬಾಯ್ಲರುಗಳಿವೆ. ಒಂದು ಹಳೆಯದು, ಕಟ್ಟಿಗೆಯನ್ನೂ ಒಣ ಗರಿಯನ್ನೂ ಉರಿಸುವಂಥದ್ದು. ಇನ್ನೊಂದು ಹೊಸದು, ಖರ್ಜೂರದ ಗರಿಯ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಗಳಿಂದ ಉರಿಯುವಂಥದ್ದು. ಅದು ಇನ್ನೂ ಒಂದು ಸಲವೂ ಉರಿದಿಲ್ಲ. ಎರಡಕ್ಕೂ ತಮ್ಮ ಕಚೇರಿಯವರು ಹಳದಿ ಪಟ್ಟಿ ಸುತ್ತಿ ಮೊಹರು ಒತ್ತಿ ಇಂದಿಗೆ ಐವತ್ತೈದು ದಿನ. ನನ್ನ ಮಗಳು ಹೆತ್ತು ಇಂದಿಗೆ ಹನ್ನೆರಡು ದಿನ. ನಮ್ಮ ಕಡೆ ಬಾಣಂತಿಗೆ ನಲವತ್ತು ದಿನ ಬಿಸಿನೀರು ಹೊಯ್ಯುತ್ತಾರೆ. ಇನ್ನು ಉಳಿದಿರುವುದು ಇಪ್ಪತ್ತೆಂಟು. ಈ ಇಪ್ಪತ್ತೆಂಟು ದಿನಗಳ ನೀರು ಎಲ್ಲಿ ಕಾಯಬೇಕು ಎಂಬುದಷ್ಟೇ ಈ ಪತ್ರದ ವಿಷಯ. ಮಿಕ್ಕಿದ್ದೆಲ್ಲ ನನ್ನ ಮೂರ್ಖತನದ ವಿವರ; ಅದನ್ನು ತಾವು ಬಿಡುವಾದಾಗ ಓದಿಕೊಳ್ಳಬಹುದು.

ಇದನ್ನು ಕನ್ನಡದಲ್ಲಿ ಬರೆದು ನಮ್ಮ ಸಂಘದ ಪತ್ರಿಕೆಯಲ್ಲಿ ಹಾಕಿಸುತ್ತಿದ್ದೇನೆ. ತಮಗೆ ಕನ್ನಡ ಬಾರದೆಂದು ನನಗೆ ಗೊತ್ತು. ನನ್ನ ಅಳಿಯ ಕೀರ್ತನ್ ಇದನ್ನು ಇಂಗ್ಲಿಷಿಗೆ ತಿರುಗಿಸಿ ತಮ್ಮ ಮೇಜಿಗೆ ಮುಟ್ಟಿಸುತ್ತಾನೆ. ಇಂಗ್ಲಿಷಿನಲ್ಲಿ ನೀನೇ ಯಾಕೆ ಬರೆಯಲಿಲ್ಲ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ನಾನು ಇಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ತಮ್ಮ ಕಡತದಲ್ಲೇ ಇದೆ.

ಮೊದಲು ನನ್ನ ಪರಿಚಯ. ಪಡುಬಿದ್ರಿಯವನು. ಒಮಾನಿಗೆ ಬಂದು ಇಪ್ಪತ್ತಾರು ವರ್ಷ. ಇಬ್ರಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರ ಸ್ಟೋರ್ ಇನ್‌ಚಾರ್ಜ್. ನಮ್ಮ ತುಳು ಬಳಗದಲ್ಲಿ ನನಗೆ ‘ಅರ್ಜಿ ಕೊಗ್ಗಣ್ಣ’ ಎಂದು ಹೆಸರು. ರಜೆ ಬೇಕಾದವರು, ವೀಸಾ ಬೇಕಾದವರು, ಕೆಲಸಕ್ಕೆ ಕರೆಸಿಕೊಂಡ ಕಫೀಲನ ಹತ್ತಿರ ಪಾಸ್‌ಪೋರ್ಟ್ ಕೇಳಬೇಕಾದವರು ಎಲ್ಲರೂ ನನ್ನ ಬಳಿ ಬಂದು ಅರ್ಜಿ ಬರೆಸಿಕೊಂಡು ಹೋಗುತ್ತಾರೆ. ಕಲ್ಲೂ ಕರಗುವಂತೆ ಬರೆಯುತ್ತೇನೆ ಎಂದು ಅವರು ಹೇಳುತ್ತಾರೆ. ನಾನೂ ನಂಬಿದ್ದೆ. ಇಪ್ಪತ್ತಾರು ವರ್ಷ ಬೇರೆಯವರಿಗಾಗಿ ಬರೆದವನು ಮೊದಲ ಸಲ ನನಗಾಗಿ ಒಂದು ಅರ್ಜಿ ಬರೆದೆ. ಕಲ್ಲು ಕರಗಿತು, ನನ್ನ ತಲೆಯ ಮೇಲೆಯೇ ಬಿತ್ತು.

ಇನ್ನು ಬಾಯ್ಲರಿನ ವಿಚಾರ. ಬಾಯ್ಲರ್ ಎಂದರೆ ತಮ್ಮ ಮನಸ್ಸಿಗೆ ಏನು ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾವು ಕಳಿಸಿದ ಇಬ್ಬರು ಹೆಲ್ಮೆಟ್ ಹಾಕಿ, ದಪ್ಪ ಬೂಟು ಮೆಟ್ಟಿ, ಕೈಯಲ್ಲಿ ಅನಿಲ ಅಳೆಯುವ ಯಂತ್ರ ಹಿಡಿದು ಬಂದಿದ್ದರು. ‘ಸ್ಟೀಮ್ ಪ್ರೆಶರ್ ಎಷ್ಟು?’ ಎಂದು ಕೇಳಿದರು. ನಮ್ಮ ಕರಾವಳಿಯಲ್ಲಿ ಬಾಯ್ಲರ್ ಎಂದರೆ ಬಚ್ಚಲಿನ ಸಾಮಾನು, ಸ್ವಾಮಿ. ತಾಮ್ರದ ಒಂದು ಗುಡಾಣ, ನಡುವೆ ಹೊಗೆ ಹೋಗಲು ಕೊಳವೆ, ಕೆಳಗೆ ಬೆಂಕಿ, ಪಕ್ಕದಲ್ಲಿ ನಲ್ಲಿ. ಅದರ ಪ್ರೆಶರ್ ಏರುವುದು ಮನೆಯವರು ಒಬ್ಬರ ಹಿಂದೊಬ್ಬರು ಬಚ್ಚಲಿನ ಬಾಗಿಲು ಬಡಿಯುವಾಗ ಮಾತ್ರ. ನನ್ನ ಹೆಂಡತಿ ಲೋಲಾಕ್ಷಿ ಅದನ್ನು ಹದಿನಾರು ವರ್ಷದ ಹಿಂದೆ ಹಡಗಿನ ಸಾಮಾನಿನ ಜತೆ ತರಿಸಿದಳು. ಕಾಗದದಲ್ಲಿ ನಾನು ‘ಅಡುಗೆ ಪಾತ್ರೆ, ದೊಡ್ಡದು, ಒಂದು’ ಎಂದು ಬರೆದಿದ್ದೆ. ಅಂದು ಹಾಗೆ ಬರೆದವನು ಇಂದು ಬಾಯ್ಲರ್ ಎಂದು ಯಾಕೆ ಬರೆದೆನೋ, ನನ್ನ ಕರ್ಮ.

‘ಒಮಾನಿನಲ್ಲಿ ಬಿಸಿನೀರಿಗೆ ಬೆಂಕಿ ಯಾಕೆ?’ ಎಂಬ ತಮ್ಮ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಬೇಸಿಗೆಯ ನಾಲ್ಕೈದು ತಿಂಗಳು ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾ ಮಾಡಿಕೊಳ್ಳಬಹುದು. ಗೀಸರಿನ ಸ್ವಿಚ್ ಆರಿಸಿ, ಅದರೊಳಗೆ ನೀರು ತಣಿಸಿ ಸ್ನಾನ ಮಾಡುವ ಜನ ನಾವು. ಆದರೆ ಇಬ್ರಾದ ಜನವರಿ ಬೇರೆಯೇ. ಇದು ಮಸ್ಕತ್ ಅಲ್ಲ, ಸಮುದ್ರವಿಲ್ಲ, ಸುತ್ತ ಬೋಳು ಗುಡ್ಡ. ಬೆಳಿಗ್ಗೆ ನೆಲದ ಟೈಲ್ಸಿಗೆ ಕಾಲಿಟ್ಟರೆ ಕಾಲು ಸೇದಿಹೋಗುತ್ತದೆ. ಮನೆಗಳನ್ನು ಕಟ್ಟಿದ್ದೆಲ್ಲ ಬಿಸಿಲನ್ನು ಹೊರಗಿಡಲು. ಚಳಿಗಾಲದಲ್ಲೂ ಅವು ಅದೇ ಕೆಲಸವನ್ನು ನಿಷ್ಠೆಯಿಂದ ಮಾಡುತ್ತವೆ. ತಾವು ಗೀಸರ್ ಬಳಸಲು ಸೂಚಿಸಿದ್ದೀರಿ. ಬಾಣಂತಿ ಸ್ನಾನ ಎಂದರೆ ಮೈ ಒದ್ದೆ ಮಾಡುವುದಲ್ಲ. ಎಣ್ಣೆ ಅರಶಿನ ಹಚ್ಚಿ, ನೆಕ್ಕಿ ಸೊಪ್ಪು ಕುದಿಸಿದ ನೀರನ್ನು, ಮುಟ್ಟಿದರೆ ಕೈ ಹಿಂದೆ ಬರುವಷ್ಟು ಬಿಸಿಯಾಗಿ, ಚೊಂಬಿನ ಮೇಲೆ ಚೊಂಬು ಸೊಂಟಕ್ಕೆ ಬೀಸಿ ಹೊಯ್ಯಬೇಕು. ಹೊಯ್ಯುವವಳಿಗೆ ಬೆವರು ಬರಬೇಕು. ನಮ್ಮ ಗೀಸರ್ ನಾಲ್ಕು ಚೊಂಬು ಕೊಟ್ಟು ಐದನೆಯದಕ್ಕೆ ತಣ್ಣಗಾಗುತ್ತದೆ, ನನ್ನ ಹಾಗೆಯೇ.

ಮಗಳು ಸಮೀಕ್ಷಾ ಗಂಡನ ಜತೆ ಮಸ್ಕತಿನ ಮದೀನತ್ ಸುಲ್ತಾನ್ ಖಾಬೂಸಿನಲ್ಲಿರುವವಳು. ಹೆರಿಗೆಗೆ ತವರಿಗೆ ಬರುವುದೆಂದು ನಿಶ್ಚಯವಾಯಿತು. ಅಕ್ಟೋಬರಿನಲ್ಲಿ ಒಮ್ಮೆ ಬಂದವಳು ಹಿತ್ತಲಿನ ಹೊಗೆಗೆ ಕೆಮ್ಮಿ ಕೆಮ್ಮಿ ಕೂತಳು. ‘ಪಪ್ಪಾ, ದಿಸ್ ಈಸ್ ನಾಟ್ ಓಕೆ ಫಾರ್ ದ ಬೇಬಿ’ ಎಂದಳು. ಅವಳು ಹೇಳಿದ್ದು ಸರಿಯೇ. ಹಳೆಯ ಬಾಯ್ಲರಿನ ಕೊಳವೆ ತೂತು ಬಿದ್ದು, ಹೊಗೆ ಮೇಲೆ ಹೋಗುವ ಬದಲು ಮನೆಯೊಳಗೆ ಬಂದು ಕೂರುತ್ತಿತ್ತು. ಹಾಗಾಗಿ ನಾನು ಮಸ್ಕತಿನ ಘಾಲಾದಲ್ಲಿ ವರ್ಕ್‌ಶಾಪ್ ಇಟ್ಟಿರುವ ನಮ್ಮ ಮಂಗಳೂರಿನ ಬ್ರಾಯನ್ ಹತ್ತಿರ ಹೋದೆ. ಗರಿಯ ಬಿಲ್ಲೆ ಹಾಕುವ ಬಾಯ್ಲರ್ ಮಾಡಿಕೊಡು, ಹೊಗೆ ಬರಬಾರದು ಎಂದೆ. ಬ್ರಾಯನ್ ದೊಡ್ಡ ಮನಸ್ಸಿನವನು, ಅವನಿಗೆ ಸಣ್ಣ ಕೆಲಸ ಮಾಡಲು ಬರುವುದಿಲ್ಲ.

‘ಬರೇ ಸ್ನಾನಕ್ಕೆ ಎಂತಕ್ಕೆ ಕೊಗ್ಗಣ್ಣ? ಒಂದು ಪೈಪು ರೂಮಿಗೂ ಬಿಡುವ. ಮಗುವಿಗೆ ಬೆಚ್ಚಗೆ ಇರ್ತದೆ’ ಎಂದ.

‘ರೂಮಿಗೆ ಪೈಪು ಬಿಟ್ಟು ಎಂಥ ಮಾಡುದು?’

‘ನೀವು ಸುಮ್ಮನೆ ಇರಿ ಮಾರಾಯ್ರೆ. ಟ್ರಕ್ಕಿನ ರೇಡಿಯೇಟರ್ ಒಂದು ಉಂಟು ನನ್ನ ಹತ್ರ.’

ಹಾಗೆ ಟ್ರಕ್ಕಿನ ರೇಡಿಯೇಟರ್ ಸಮೇತ ನನ್ನ ಹೊಸ ಬಾಯ್ಲರ್ ಇಬ್ರಾಕ್ಕೆ ಬಂತು. ಬ್ರಾಯನ್ ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ, ದೊಡ್ಡ ಅಕ್ಷರಗಳಲ್ಲಿ ‘ಬಯೋಮಾಸ್ ಹೋಮ್ ಹೀಟಿಂಗ್ ಸಿಸ್ಟಮ್’ ಎಂದು ಬೇರೆ ಬರೆಸಿದ್ದ. ಜೂನ್ ತಿಂಗಳಲ್ಲಿ ಬಾಗಿಲ ಹಿಡಿಕೆ ಮುಟ್ಟಿದರೆ ಬೊಬ್ಬೆ ಏಳುವ ದೇಶದಲ್ಲಿ ಮನೆ ಬಿಸಿ ಮಾಡುವ ಯಂತ್ರ ತರಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಲೋಲಾಕ್ಷಿ ಅದನ್ನು ಒಂದು ಸುತ್ತು ಬಂದು ನೋಡಿ, ‘ಇದನ್ನು ಎಲ್ಲಿಗೆ ಓಡಿಸಿಕೊಂಡು ಹೋಗುದು?’ ಎಂದು ಕೇಳಿದಳು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ಕಾಲನಿಯ ಅನುಮತಿ ಬೇಕು, ಆ್ಯಪ್‌ನಲ್ಲಿ ಹಾಕಬೇಕು ಎಂದು ಯಾರೋ ಹೇಳಿದರು. ಸರಿ, ನವೆಂಬರ್ ಹದಿನೆಂಟರ ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಹಾಕಿ, ಫೋನು ಹಿಡಿದು ಕೂತೆ.

ಆ್ಯಪ್‌ನಲ್ಲಿ ಎರಡು ಗುಂಡಿಗಳಿದ್ದವು. ಒಂದು ‘ರಿಕ್ವೆಸ್ಟ್’, ಇನ್ನೊಂದು ‘ಕಂಪ್ಲೇಂಟ್’. ಮಾನ್ಯರೇ, ಇಲ್ಲಿ ತಾವು ನಮ್ಮ ಊರಿನ ಭಾಷೆಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ನಮ್ಮಲ್ಲಿ ಕರೆಂಟು ಹೋದರೆ ಕಂಪ್ಲೇಂಟ್ ಕೊಡುತ್ತೇವೆ. ಫೋನು ಸತ್ತರೆ ಕಂಪ್ಲೇಂಟ್ ಕೊಡುತ್ತೇವೆ. ನಲ್ಲಿ ಸೋರಿದರೆ, ಗ್ಯಾಸ್ ಬಾರದಿದ್ದರೆ, ಬೀದಿದೀಪ ಕಣ್ಣು ಮಿಟುಕಿಸಿದರೆ ಕಂಪ್ಲೇಂಟ್ ಕೊಡುತ್ತೇವೆ. ಅದರಲ್ಲಿ ಯಾರ ಮೇಲೂ ಸಿಟ್ಟಿಲ್ಲ, ಯಾರೂ ಆರೋಪಿಗಳಲ್ಲ. ‘ಕಂಪ್ಲೇಂಟ್ ಕೊಟ್ಟಾಯಿತು, ಇನ್ನು ಬರುತ್ತಾರೆ’ ಎಂದು ಹೇಳಿ ನಿಶ್ಚಿಂತೆಯಿಂದ ಕೂರುತ್ತೇವೆ. ರಿಕ್ವೆಸ್ಟ್ ಎಂದರೆ ಬೇಡುವುದು, ಕೊಟ್ಟರೂ ಕೊಟ್ಟರು, ಬಿಟ್ಟರೂ ಬಿಟ್ಟರು. ಕಂಪ್ಲೇಂಟ್ ಕೊಟ್ಟರೆ ಮಾತ್ರ ಲೈನ್‌ಮ್ಯಾನ್ ಕಂಬ ಹತ್ತುವುದು. ಅರ್ಜಿ ಕೊಗ್ಗಣ್ಣನಿಗೆ ಇಷ್ಟೂ ತಿಳಿಯದೇ? ಎರಡನೆಯ ಗುಂಡಿ ಒತ್ತಿದೆ.

ಒತ್ತಿದ ಮೇಲೆ ಬರೆದೆ. ಅಯ್ಯೋ, ಏನು ಬರೆದೆ! ಹಳೆಯ ಬಾಯ್ಲರನ್ನು ಬದಲಾಯಿಸುವುದು ಎಷ್ಟು ಅಗತ್ಯ ಎಂದು ಅಧಿಕಾರಿಗಳ ಮನಸ್ಸಿಗೆ ನಾಟಬೇಕಲ್ಲ? ಈ ಮನೆಯ ಬಾಯ್ಲರ್ ಹಗಲಿಡೀ ಕರಿ ಹೊಗೆ ಉಗುಳುತ್ತಿದೆ ಎಂದು ಬರೆದೆ. ಅದು ಬೆಳಗಿನ ಅರ್ಧ ಗಂಟೆ ಉರಿಯುತ್ತಿದ್ದದ್ದು. ಗರ್ಭಿಣಿಯರೂ ಮಕ್ಕಳೂ ಉಸಿರುಗಟ್ಟುತ್ತಿದ್ದಾರೆ ಎಂದೆ. ಒಣಗಹಾಕಿದ ಬಿಳಿ ಬಟ್ಟೆ ಕಪ್ಪಾಗುತ್ತಿದೆ ಎಂದೆ. ಯಾವ ಕ್ಷಣದಲ್ಲಾದರೂ ದೊಡ್ಡ ಅನಾಹುತ ಆಗಬಹುದು ಎಂದೆ. ಕೊನೆಗೆ, ಒಂದು ಒಳ್ಳೆಯ ಅರ್ಜಿಗೆ ಇರಬೇಕಾದ ಏಟು ಇನ್ನೂ ಬಂದಿಲ್ಲವೆಂದು ಅನ್ನಿಸಿ, ‘ಈ ಮನೆಯವನಿಗೆ ನೆರೆಹೊರೆಯವರ ಪರಿವೆಯೇ ಇಲ್ಲ’ ಎಂಬ ಒಂದು ವಾಕ್ಯ ಸೇರಿಸಿದೆ. ನಾಲ್ಕು ಜನ ಹಾಗೆ ಆಡಿಕೊಳ್ಳುವ ಮೊದಲು ಬದಲಾಯಿಸಿಕೊಡಿ ಎಂಬುದು ನನ್ನ ಭಾವ. ಆ ಭಾವವನ್ನು ಬರೆಯಲು ಆ್ಯಪ್‌ನಲ್ಲಿ ಜಾಗ ಸಾಲಲಿಲ್ಲ. ಓದಿ ನೋಡಿದೆ, ನನಗೇ ಮೈ ಜುಂ ಅಂದಿತು. ಕಳಿಸಿದೆ.

ತಮ್ಮ ಕಚೇರಿ ನಿಧಾನ ಎಂದು ಹೇಳುವವರ ನಾಲಿಗೆ ಸೇದಿಹೋಗಲಿ. ಎರಡೇ ದಿನ! ಇಪ್ಪತ್ತನೆಯ ತಾರೀಕು ನಾನು ಡ್ಯೂಟಿಯಲ್ಲಿದ್ದಾಗ ಹೆಲ್ಮೆಟಿನವರು ಬಂದು ಹಳೆಯದಕ್ಕೆ ಮೊಹರು ಹಾಕಿದರು. ಆಮೇಲೆ ಹೊಸದರ ಪ್ಲಾಸ್ಟಿಕ್ ಹೊದಿಕೆ ಎತ್ತಿ ನೋಡಿ, ಅದಕ್ಕೂ ಹಾಕಿದರು. ಇನ್ನೂ ಹುಟ್ಟದ ಹೊಗೆಗೂ ಶಿಕ್ಷೆಯಾಯಿತು. ಲೋಲಾಕ್ಷಿ ಫೋನಿನಲ್ಲಿ ಅಳುದನಿಯಲ್ಲಿ, ‘ಯಾರೋ ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದ್ದಾರಂತೆ!’ ಎಂದಳು. ನನಗೆ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ಯಾರು? ಯಾವ ನೀಚ? ಬಸುರಿ ಮಗಳು ಬರುವ ಮನೆಯ ಬೆಂಕಿ ಆರಿಸುವಂಥ ಮನುಷ್ಯ ಯಾರು? ನಾನು ಕಳಿಸಿದ್ದು ಅರ್ಜಿ, ದೂರು ಬೇರೆ ಯಾರದೋ ಎಂದೇ ನನ್ನ ಲೆಕ್ಕ.

ಅದೇ ಸಂಜೆ ನನ್ನ ಫೋನಿಗೆ ಒಂದು ಸಂದೇಶ ಬಂತು. ತಾವು ಕೊಟ್ಟ ದೂರಿನ ಮೇಲೆ ಕ್ರಮ ಕೈಗೊಂಡಿದ್ದೇವೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ ಎಂದು. ನಾನು ಫೋನಿನಲ್ಲಿ ಹೇಳಿದ್ದಕ್ಕೆ ತಮ್ಮವರು ಹಿಂದಿನ ದಿನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿ ಹೋಗಿದ್ದರು; ಸಂದೇಶ ಅದರದ್ದೇ ಎಂದುಕೊಂಡೆ. ಕೆಲಸ ಅಚ್ಚುಕಟ್ಟಾಗಿತ್ತು. ಐದು ನಕ್ಷತ್ರ ಕೊಟ್ಟೆ. ‘ಅತ್ಯಂತ ತೃಪ್ತಿಕರ, ಹೀಗೆಯೇ ಮುಂದುವರಿಸಿ’ ಎಂದೂ ಬರೆದೆ. ತಾವು ಮುಂದುವರಿಸಿದಿರಿ.

ಮರುದಿನ ತಮ್ಮ ಕಚೇರಿಗೆ ಬಂದು ದೂರು ಕೊಟ್ಟವರ ಹೆಸರು ಹೇಳಿ ಎಂದು ಕೂಗಾಡಿದವನು ನಾನೇ. ತಮ್ಮ ಕೌಂಟರಿನಲ್ಲಿ ಕೂರುವ ಶಹನಾಝ್ ಎಂಬ ಹೆಣ್ಣುಮಗಳು ಕಂಪ್ಯೂಟರ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. ‘ಅಂಕಲ್, ನಾಮ್ ಕಾನ್ಫಿಡೆನ್ಶಿಯಲ್ ಹೈ. ನಹೀಂ ಬತಾ ಸಕ್ತೇ’ ಎಂದಳು, ಹೆಸರು ಗುಟ್ಟಿನದು, ಹೇಳುವಂತಿಲ್ಲ ಎಂದು. ಆ ಹುಡುಗಿಯ ನಿಯತ್ತಿಗೆ ನಾನು ಇಂದು ಕೈ ಮುಗಿಯುತ್ತೇನೆ. ಆ ದಿನ ಮಾತ್ರ ಮೇಜು ಗುದ್ದಿ, ಆ ಹೇಡಿ ನನ್ನ ಎದುರು ಬಂದು ನಿಲ್ಲಲಿ, ಅವನ ಮುಖ ನೋಡಬೇಕು ಎಂದು ಹೇಳಿದ್ದೆ. ನನ್ನ ಹಿಂದೆ ಗೋಡೆಯಲ್ಲಿ ಕನ್ನಡಿ ಇತ್ತು.

ಹೆಸರು ಸಿಗದಿದ್ದರೆ ಊಹಿಸಲು ನಮಗೆ ಬರುವುದಿಲ್ಲವೇ? ಕಾಲನಿಯ ಗೋಡೆಯಾಚೆ ಅಬು ಹಿಲಾಲನ ಖರ್ಜೂರದ ತೋಟ. ಹೊಗೆ ಹೋಗುವುದು ಆ ಕಡೆಗೇ. ಬೇರೆ ಯಾರು? ಹದಿನಾರು ವರ್ಷದಿಂದ ನನ್ನ ಬಾಯ್ಲರಿಗೆ ಒಣ ಗರಿ ಕೊಡುತ್ತಿದ್ದವನು ಅವನೇ ಎಂಬುದು ನನಗೆ ನೆನಪಿಗೆ ಬರಲಿಲ್ಲ ಎಂದಲ್ಲ. ನೆನಪಿಗೆ ಬಂತು, ಅದರಿಂದಲೇ ಸಂಶಯ ಗಟ್ಟಿಯಾಯಿತು. ಗರಿಯನ್ನು ಬಿಲ್ಲೆ ಮಾಡಿಸುತ್ತೇನೆ ಎಂದಾಗ ಅವನು ‘ಕ್ಯೋಂ ಕೂಗಾ? ಪತ್ತಾ ಅಚ್ಛಾ ಹೈ’ ಎಂದು, ಗರಿಯೇ ಒಳ್ಳೆಯದೆಂದು, ಹೇಳಿದ್ದ. ನನ್ನ ಹೆಸರು ಅವನ ಬಾಯಲ್ಲಿ ಕೂಗಾ. ಅವನ ಗರಿಯನ್ನು ನಾನು ಅವಮಾನಿಸಿದೆ ಎಂದು ಅವನಿಗೆ ಸಿಟ್ಟು, ಅದಕ್ಕೇ ಹೀಗೆ ಮಾಡಿದ ಎಂದು ತೀರ್ಮಾನಿಸಿದೆ. ಸ್ಟೋರಿನಲ್ಲಿ ಒಂದು ಬೋಲ್ಟು ಕಳೆದರೂ ಹೀಗೆಯೇ ಪತ್ತೆ ಹಚ್ಚುತ್ತೇನೆ, ತೊಂಬತ್ತು ಪಾಲು ಬೋಲ್ಟು ನನ್ನ ಜೇಬಿನಲ್ಲೇ ಸಿಗುತ್ತದೆ.

ಮಾತು ಬಿಟ್ಟೆ. ಅವನು ಗೋಡೆಯ ಮೇಲಿಂದ ‘ಸಲಾಂ ಅಲೈಕುಂ, ಕೂಗಾ’ ಎಂದರೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದೆ. ಒಮಾನಿನ ರಾಷ್ಟ್ರೀಯ ದಿನದ ರಜೆಯಲ್ಲಿ ಅವನ ಮನೆಯಿಂದ ಒಂದು ತಟ್ಟೆ ಹಲ್ವಾ ಬಂತು, ಪ್ರತಿ ವರ್ಷ ಬರುವಂಥದ್ದು. ತಟ್ಟೆಯನ್ನು ಹಾಗೆಯೇ, ಮುಚ್ಚಿದ ಬಟ್ಟೆ ಸಮೇತ, ಹಿಂದಕ್ಕೆ ಕಳಿಸಿದೆ. ಮನೆಯಲ್ಲಿ ಎಲ್ಲರಿಗೂ ಶುಗರ್ ಎಂದು ಹೇಳಿಸಿದೆ. ಲೋಲಾಕ್ಷಿ ತಡೆದಳು. ‘ನಿಮಗೆ ಎಂಥ ಮರ್ಲಾ? ತಿನ್ನುವ ವಸ್ತು ತಿರುಗಿ ಕಳಿಸ್ತಾರಾ ಯಾರಾದ್ರೂ? ಕಂಪ್ಲೇಂಟ್ ಅವರೇ ಕೊಟ್ಟದ್ದು ಅಂತ ನಿಮ್ಮ ಕಿವಿಯಲ್ಲಿ ಬಂದು ಹೇಳಿದ್ರಾ?’ ಎಂದಳು. ನಾನು ಕೇಳಲಿಲ್ಲ.

ಈ ನಡುವೆ, ನನ್ನ ಮೊದಲ ಅರ್ಜಿಗೆ ಉತ್ತರವೇ ಬರಲಿಲ್ಲವಲ್ಲ ಎಂದು, ಹೊಸ ಬಾಯ್ಲರಿಗಾಗಿ, ಈ ಸಲ ಮೊದಲನೆಯ ಗುಂಡಿ ಒತ್ತಿ, ಬೇರೆಯೇ ಒಂದು ಅರ್ಜಿ ಹಾಕಿದೆ. ತಾವು ಎರಡು ಕಾರಣ ಕೊಟ್ಟು ತಿರಸ್ಕರಿಸಿದಿರಿ. ಮೊದಲನೆಯದು, ಈ ವಿಳಾಸದ ಮೇಲೆ ಇತ್ಯರ್ಥವಾಗದ ದೂರು ಇದೆ. ಎರಡನೆಯದು, ಈ ದೇಶದಲ್ಲಿ ಮನೆಯನ್ನು ಬಿಸಿ ಮಾಡುವ ಅಗತ್ಯವನ್ನು ಅರ್ಜಿದಾರರು ಸಮರ್ಥಿಸಿಲ್ಲ. ಎರಡನೆಯದಕ್ಕೆ ನಾನು ಏನೆಂದು ಉತ್ತರ ಬರೆಯಲಿ? ಹುಟ್ಟಲಿರುವ ಮಗುವಿನ ಕಾಲು ತಣ್ಣಗಾಗುತ್ತದೆ ಎಂದು ಬರೆದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಎಂದಿರಿ. ಹುಟ್ಟದ ಮಗುವಿನ ಕಾಲನ್ನು ಯಾವ ವೈದ್ಯರಿಗೆ ತೋರಿಸಲಿ ಸ್ವಾಮಿ?

ಜನವರಿ ಎರಡಕ್ಕೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನ ಲೋಲಾಕ್ಷಿ ಅಡುಗೆಮನೆಯಲ್ಲಿ ಕುಕ್ಕರ್, ಇಡ್ಲಿ ಅಟ್ಟ, ಅನ್ನದ ತಪ್ಪಲೆ ಎಲ್ಲದರಲ್ಲೂ ನೀರಿಟ್ಟು, ಒಂದು ಕಾಯುವಷ್ಟರಲ್ಲಿ ಇನ್ನೊಂದು ಆರಿ, ಬಚ್ಚಲಿಗೂ ಒಲೆಗೂ ಓಡಿ ಓಡಿ ಸಾಕಾಗಿ ನೆಲದ ಮೇಲೆ ಕೂತುಬಿಟ್ಟಳು. ಸಮೀಕ್ಷಾ ಬಚ್ಚಲಿನ ಮಣೆಯ ಮೇಲೆ, ಅರ್ಧ ಎಣ್ಣೆ ಅರ್ಧ ನೀರಿನಲ್ಲಿ, ಚಳಿಗೆ ಹಲ್ಲು ಕಟಕಟಿಸುತ್ತಿದ್ದಳು. ಅಷ್ಟರಲ್ಲಿ ಮಗು ನೋಡಲೆಂದು ಅಬು ಹಿಲಾಲನ ಹೆಂಡತಿ ಉಮ್ಮ್ ಹಿಲಾಲ್ ಬಂದರು. ಏಳು ಹೆತ್ತ ಹೆಂಗಸು. ಕುಕ್ಕರ್ ನೋಡಿದರು, ನನ್ನ ಮಗಳನ್ನು ನೋಡಿದರು, ಹಿತ್ತಲಿಗೆ ಹೋಗಿ ಹಳದಿ ಪಟ್ಟಿ ನೋಡಿದರು. ಮರುದಿನ ಬೆಳಿಗ್ಗೆ ಗೋಡೆಯ ಆಚೆ ಹೊಗೆ ಎದ್ದಿತು. ಮದುವೆಗೆ ಅನ್ನ ಮಾಡುವಂಥ ದೊಡ್ಡ ಪಾತ್ರೆಯಲ್ಲಿ, ಎಲಚಿ ಮರದ ಎಲೆ ಹಾಕಿ ಕುದಿಸಿದ ನೀರು, ಕ್ಯಾನುಗಳಲ್ಲಿ ಗೋಡೆ ದಾಟಿ ಬಂತು. ಅವರಲ್ಲೂ ಬಾಣಂತಿಗೆ ನಲವತ್ತು ದಿನವಂತೆ. ಅಂದಿನಿಂದ ಇಂದಿನವರೆಗೆ ಒಂದು ಬೆಳಿಗ್ಗೆಯೂ ತಪ್ಪಿಲ್ಲ.

ಆಗ ನಾನು ಏನಂದುಕೊಂಡೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಾಡಿದ ತಪ್ಪಿನ ಅರಿವು ಅವರಿಗೆ ಆಗಿದೆ, ಪ್ರಾಯಶ್ಚಿತ್ತ ಮಾಡುತ್ತಿದ್ದಾರೆ ಎಂದುಕೊಂಡೆ. ದೊಡ್ಡ ಮನಸ್ಸು ಮಾಡಿ ಅಬು ಹಿಲಾಲನನ್ನು ಕ್ಷಮಿಸಿದೆ. ಅವನ ಕೈಯಿಂದ ಕ್ಯಾನು ತೆಗೆದುಕೊಳ್ಳುವಾಗ ಗಂಭೀರವಾಗಿ ತಲೆ ಅಲ್ಲಾಡಿಸುತ್ತಿದ್ದೆ, ‘ಹೋಗಲಿ ಬಿಡು’ ಎನ್ನುವ ಹಾಗೆ.

ಎಂಟನೆಯ ತಾರೀಕು, ನನ್ನ ಲಿಖಿತ ಒತ್ತಾಯಕ್ಕೆ ಮಣಿದು ತಾವು ದೂರಿನ ಪ್ರತಿ ಕಳಿಸಿದಿರಿ. ಹೆಸರಿನ ಮೇಲೆ ಕಪ್ಪು ಶಾಯಿ ಬಳಿದಿತ್ತು. ನಾನು ಅದನ್ನು ಲೋಲಾಕ್ಷಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಗಲಿಡೀ ಹೊಗೆಯಂತೆ! ಎಂಥ ಸುಳ್ಳು! ಗರ್ಭಿಣಿಯರು ಉಸಿರುಗಟ್ಟುತ್ತಿದ್ದಾರಂತೆ! ನೆರೆಹೊರೆಯವರ ಪರಿವೆಯೇ ಇಲ್ಲವಂತೆ, ನನಗೆ! ಈ ಮನುಷ್ಯನ ನಾಲಿಗೆಗೆ ಎಲುಬೇ ಇಲ್ಲ ಎಂದು ಎಗರಾಡಿದೆ. ಕಡೆಯ ಸಾಲು ಓದಿದೆ: ‘ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ಒಬ್ಲೈಜ್.’

ಲೋಲಾಕ್ಷಿ ಮಗುವಿನ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ‘ಇನ್ನೊಮ್ಮೆ ಓದಿ’ ಎಂದಳು. ಓದಿದೆ.

‘ಅಬು ಹಿಲಾಲಿಗೆ ಇದು ಬರೀಲಿಕ್ಕೆ ಬರ್ತದಾ?’

ನಾನು ಕಾಗದವನ್ನು ಬೆಳಕಿಗೆ ಹಿಡಿದು ಕಪ್ಪು ಶಾಯಿಯ ಹಿಂದೆ ನೋಡಿದೆ.

‘ಈ ಊರಿನಲ್ಲಿ ಹೀಗೆ ಬರೆಯುವವರು ಎಷ್ಟು ಜನ ಇದ್ದಾರೆ? ನಿಮ್ಮ ಫೋನು ಕೊಡಿ ಇಲ್ಲಿ.’

ಕೊಟ್ಟೆ. ಆ್ಯಪ್‌ನಲ್ಲಿ ‘ನನ್ನ ದೂರುಗಳು’ ಎಂಬಲ್ಲಿ ಒತ್ತಿದಳು. ಒಂದು. ಕ್ರಮ ಕೈಗೊಳ್ಳಲಾಗಿದೆ. ಐದು ನಕ್ಷತ್ರ. ಒಳಗಿನ ಕೋಣೆಯಿಂದ ಸಮೀಕ್ಷಾ ‘ಪಪ್ಪಾ, ಯೂ ಡಿಡ್ನ್ಟ್!’ ಎಂದು ಕೂಗಿದವಳು ನಗಲು ಶುರು ಮಾಡಿ, ಹೊಲಿಗೆ ಎಳೆಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು ಅಳುವಂತಾಯಿತು. ಲೋಲಾಕ್ಷಿ ನಗಲಿಲ್ಲ. ‘ಆ ಹಲ್ವಾದ ತಟ್ಟೆ’ ಎಂದಳು, ಅಷ್ಟೇ.

ಮರುದಿನವೇ ತಮ್ಮ ಕಚೇರಿಗೆ ಬಂದು ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ತಮ್ಮ ನಿಯಮ ಏನು ಹೇಳುತ್ತದೆ? ದೂರುದಾರನೂ ಎದುರು ಪಕ್ಷದವನೂ ಅಧಿಕಾರಿಯ ಮುಂದೆ ಒಟ್ಟಿಗೆ ಹಾಜರಾಗಿ ರಾಜಿಪತ್ರಕ್ಕೆ ಸಹಿ ಹಾಕಬೇಕು. ಇಬ್ಬರ ಗುರುತಿನ ಸಂಖ್ಯೆ ಒಂದೇ ಇರುವಂತಿಲ್ಲ. ಶಹನಾಝ್ ನನ್ನ ಎದುರು ಎರಡು ಕುರ್ಚಿ ಹಾಕಿಸಿ, ‘ದೂಸ್ರೀ ಪಾರ್ಟಿ ಕಬ್ ಆಯೇಗೀ, ಅಂಕಲ್?’ ಎಂದು, ಎದುರು ಪಕ್ಷದವರು ಬರುವುದು ಯಾವಾಗ ಎಂದು, ಕೇಳಿದಳು. ಅವಳಿಗೆ ಗೊತ್ತಿತ್ತು, ಆದರೆ ಫಾರ್ಮಿನಲ್ಲಿ ಹಾಗೆ ಕೇಳಬೇಕು ಎಂದು ಇತ್ತು. ನಾನು ಒಂದು ಕುರ್ಚಿಯಿಂದ ಎದ್ದು ಇನ್ನೊಂದರಲ್ಲಿ ಕೂತೆ. ಕಂಪ್ಯೂಟರ್ ಒಪ್ಪಲಿಲ್ಲ. ನಾನು ನನ್ನೊಡನೆ ರಾಜಿಯಾಗಲು ಸಿದ್ಧನಿದ್ದೇನೆ ಎಂದು ಬರೆದುಕೊಟ್ಟೆ. ವಿಷಯವನ್ನು ಮೇಲಕ್ಕೆ ಕಳಿಸಿದ್ದೇವೆ ಎಂದಿರಿ. ಅದು ಇನ್ನೂ ಮೇಲೆಯೇ ಇದೆ.

ಇಷ್ಟಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಖಲಾಸ್. ಆದರೆ ಆ ದಿನ ಶಹನಾಝ್ ನನ್ನ ಕಾಗದ ಸೇರಿಸಲೆಂದು ಕಡತ ಬಿಚ್ಚಿದಾಗ ಒಳಗೆ ಅರಬ್ಬಿಯಲ್ಲಿ ಕೈಬರಹದ ಮೂರು ಹಾಳೆಗಳು ಕಂಡವು. ಇವು ಯಾರದು ಎಂದು ಕೇಳಿದೆ. ಅವಳು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, ‘ಆಪ್ ಕೆ ಪಡೋಸಿ ಕೇ ಹೈಂ, ಅಂಕಲ್’ ಎಂದಳು. ಪಕ್ಕದ ಮನೆಯವರದು. ಓದಿ ಹೇಳು ಎಂದು ಬೇಡಿಕೊಂಡೆ. ಮೊದಲನೆಯದು ನವೆಂಬರ್ ಇಪ್ಪತ್ತೆರಡರದು, ಮೊಹರು ಬಿದ್ದ ಎರಡು ದಿನಕ್ಕೆ. ಅದರಲ್ಲಿ ಅಬು ಹಿಲಾಲ್ ಬರೆದಿದ್ದ: ಈ ಹೊಗೆಯಿಂದ ನನಗೆ ಯಾವ ತೊಂದರೆಯೂ ಇಲ್ಲ. ಗರಿ ನನ್ನ ಮರಗಳದು, ಕೊಟ್ಟವನು ನಾನು. ದೂರು ಇರುವುದಾದರೆ ನನ್ನ ಮೇಲೆ ಇರಲಿ. ಆ ಮನೆಗೆ ಮಗಳು ಹೆರಿಗೆಗೆ ಬರುತ್ತಾಳೆ. ಎರಡನೆಯದು ಡಿಸೆಂಬರಿನದು, ಮೂರನೆಯದು ಮಗು ಹುಟ್ಟಿದ ಎರಡು ದಿನಕ್ಕೆ. ಮೂರರಲ್ಲೂ ಅದೇ ಮಾತು. ಮೂರರ ಮೇಲೂ ತಮ್ಮ ಠಸ್ಸೆ: ‘ದೂರುದಾರರಲ್ಲದವರ ಪತ್ರ, ಪರಿಗಣಿಸುವಂತಿಲ್ಲ.’ ಹಲ್ವಾದ ತಟ್ಟೆ ನಾನು ತಿರುಗಿಸಿ ಕಳಿಸಿದ್ದು ಮೊದಲನೆಯ ಪತ್ರವಾದ ಮೂರು ದಿನಕ್ಕೆ.

ಮಾನ್ಯರೇ, ನಾನು ಬರೆದು ಬರೆದು ಹೆಸರಾದವನು. ಸುಳ್ಳು ತುಂಬಿದ ನನ್ನ ಒಂದು ದೂರಿಗೆ ತಾವು ಎರಡೇ ದಿನದಲ್ಲಿ ಹೆಲ್ಮೆಟ್ ಕಳಿಸಿದಿರಿ. ನಿಜವನ್ನೇ ಬರೆದ ಅವನ ಮೂರು ಹಾಳೆಗೆ ಐವತ್ತಮೂರು ದಿನದಲ್ಲಿ ಒಂದು ಠಸ್ಸೆ ಮಾತ್ರ ಸಿಕ್ಕಿತು. ತೊಂದರೆಯಾಗಿದೆ ಎನ್ನುವವನ ಮಾತಿಗೆ ಬೆಲೆ ಇದೆ, ತೊಂದರೆಯಿಲ್ಲ ಎನ್ನುವ ನೆರೆಯವನ ಮಾತು ಯಾಕೆ ಪರಿಗಣನೆಗೆ ಬರುವುದಿಲ್ಲ? ಇದೊಂದನ್ನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ. ಮಿಕ್ಕ ಸಿಟ್ಟೆಲ್ಲ ನನ್ನ ಮೇಲೆಯೇ ಖರ್ಚಾಗಿದೆ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದೆ. ಅಬು ಹಿಲಾಲ್ ಪಾತ್ರೆಯ ಕೆಳಗೆ ಗರಿ ತುರುಕುತ್ತಿದ್ದ, ಉಮ್ಮ್ ಹಿಲಾಲ್ ಎಲಚಿ ಎಲೆ ಹಾಕುತ್ತಿದ್ದರು. ನನಗೆ ಬರುವ ಅರೆಬರೆ ಅರಬ್ಬಿಯಲ್ಲಿ, ಅದು ಮುಗಿದಲ್ಲಿ ಹಿಂದಿಯಲ್ಲಿ, ಎಲ್ಲ ಹೇಳಿದೆ. ದೂರು ಕೊಟ್ಟವನು ನಾನೇ ಎಂದೆ. ಅವನು ನಕ್ಕ. ಆಮೇಲೆ, ಇಷ್ಟು ದಿನ ನೀನೇ ಕೊಟ್ಟದ್ದೆಂದು ತಿಳಿದಿದ್ದೆ ಎಂದೆ. ಅವನು ನಗು ನಿಲ್ಲಿಸಿದ. ನಾನು ಸಂಶಯಪಟ್ಟದ್ದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ‘ನಾನು ಬೇರೆ ತಿಳಿದಿದ್ದೆ. ಮಗಳ ಚಿಂತೆಯಲ್ಲಿ ಕೂಗಾ ಸಲಾಂ ಮರೆತಿದ್ದಾನೆ ಅಂದುಕೊಂಡೆ’ ಎಂದ. ಹಲ್ವಾ? ಶುಗರ್ ಇರಬೇಕೆಂದು ನಂಬಿದ್ದನಂತೆ. ಪಾತ್ರೆಯ ಕೆಳಗೆ ಇನ್ನೆರಡು ಗರಿ ತುರುಕಿದ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ತುಂಬಿದ ಕ್ಯಾನು ಎತ್ತಿ ನನ್ನ ಕೈಗಿಟ್ಟು, ‘ಪಾನಿ ಠಂಡಾ ಹೋ ರಹಾ ಹೈ, ಕೂಗಾ. ಯಲ್ಲಾ’ ಎಂದ. ನೀರು ಆರುತ್ತಿದೆ, ನಡೆ ಎಂದು. ನಾನು ಬಂದೆ. ಬರುತ್ತಾ ಕಣ್ಣು ಮಂಜಾಯಿತು. ಹೊಗೆಯಿಂದ ಎಂದು ಲೋಲಾಕ್ಷಿಗೆ ಹೇಳಿದೆ.

ಈಗ ನನ್ನ ಬೇಡಿಕೆ. ಈ ವಾರದೊಳಗೆ ತಾವೇ ಖುದ್ದಾಗಿ ಬಂದು ಹೊಸ ಬಾಯ್ಲರಿನ ಮೊಹರು ಒಡೆಯಬೇಕು. ಹಳೆಯದಕ್ಕೆ ಮೊಹರು ಇದ್ದರೂ ಸರಿ, ಅದಕ್ಕೆ ವಯಸ್ಸಾಗಿದೆ. ಏಳು ಹೆತ್ತು ಮೊಣಕಾಲು ಸವೆದ ಒಬ್ಬ ಹೆಂಗಸು ನನ್ನ ಮಗಳಿಗಾಗಿ ದಿನವೂ ಬೆಳಿಗ್ಗೆ ಚಳಿಯಲ್ಲಿ ಕೂತು ಬೆಂಕಿ ಊದುತ್ತಿದ್ದಾರೆ. ಉಳಿದ ಇಪ್ಪತ್ತೆಂಟು ದಿನ ಅವರು ಹೊದ್ದು ಮಲಗಬೇಕು, ನೀರು ನನ್ನ ಹಿತ್ತಲಲ್ಲಿ ಕಾಯಬೇಕು. ಅಬು ಹಿಲಾಲನ ಮೂರು ಪತ್ರಗಳ ಮೇಲಿನ ಠಸ್ಸೆಯನ್ನು ಅಳಿಸಿ, ಅವುಗಳನ್ನು ಪರಿಗಣಿಸಿದ್ದೇವೆ ಎಂದು ಬರೆಯಬೇಕು. ನಲವತ್ತನೆಯ ದಿನ ನಮ್ಮಲ್ಲಿ ಪಾಯಸ ಇದೆ, ತಟ್ಟೆ ತುಂಬ ಮೊದಲು ಹೋಗುವುದು ಗೋಡೆಯಾಚೆಗೆ. ತಾವೂ ಬನ್ನಿ, ಹೆಲ್ಮೆಟ್ ಬೇಡ.

ಕಡೆಯದಾಗಿ ನನ್ನ ದೂರಿನ ವಿಷಯ. ಹಗಲಿಡೀ ಹೊಗೆ ಎಂದು ಬರೆದದ್ದು ಸುಳ್ಳು, ಹೊಡೆದುಹಾಕಿ. ಉಸಿರುಗಟ್ಟಿದ್ದು, ಬಟ್ಟೆ ಕಪ್ಪಾದದ್ದು, ಅನಾಹುತ, ಎಲ್ಲವನ್ನೂ ಹೊಡೆದುಹಾಕಿ. ‘ಈ ಮನೆಯವನಿಗೆ ನೆರೆಹೊರೆಯವರ ಪರಿವೆಯೇ ಇಲ್ಲ’ ಎಂಬ ಆ ಒಂದು ಸಾಲನ್ನು ಮಾತ್ರ ಹಾಗೆಯೇ ಬಿಡಿ. ಬರೆಯುವಾಗ ಅದು ಸುಳ್ಳಾಗಿತ್ತು. ಆಮೇಲೆ ನಾನೇ ಅದನ್ನು ನಿಜ ಮಾಡಿದೆ.

ಇಂತಿ,
ದೂರು ಕೊಟ್ಟವನೂ ದೂರಿಗೆ ಒಳಗಾದವನೂ ಆಗಿ, ಎರಡೂ ಕುರ್ಚಿಗಳಲ್ಲಿ ಕೂತು ಎದ್ದು ಬಂದ
ಕೊಗ್ಗ
ಇಬ್ರಾ, ಜನವರಿ ೧೪